ಡಾಕ್ಟರು ರೆಸ್ಟ್ ಅಂದಿದ್ದಾರೆ, ಹಪ್ಪಳದ ಸೀಸನ್ ಶುರುವಾಗಿದೆ. ಏನು ಮಾಡುವುದು?

ಕೆಂಪು ದಾಸವಾಳ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದ ಕಡೆ ಒಂದು ಹಳ್ಳಿ. ಹೋದ ಮಳೆಗಾಲದಲ್ಲಿ ಕೈಬೆರಳಿನ ಗಿಣ್ಣು ನೋಯಲು ಶುರುವಾಯಿತು. ಆಮೇಲೆ ಮಣಿಕಟ್ಟು, ಆಮೇಲೆ ಪಾದ. ಎರಡೂ ಕಡೆ ಒಂದೇ ಥರ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುವುದಿಲ್ಲ. ಪೇಸ್ಟ್ ಒತ್ತಿಕೊಡಲೂ ಮಗಳನ್ನು ಕರೆಯಬೇಕು. ಬೆರಳು ಸಡಿಲ ಆಗಲು ಒಂದು ಗಂಟೆ, ಒಂದೂವರೆ ಗಂಟೆ ಬೇಕು. ಊರಲ್ಲಿ ಎಲ್ಲರೂ ಚಿಕೂನ್‌ಗುನ್ಯಾ ಇರಬೇಕು ಅಂದರು, 2006ರಲ್ಲಿ ಅದು ಬಂದವರಿಗೆ ತಿಂಗಳುಗಟ್ಟಲೆ ಗಂಟುನೋವು ಇತ್ತಲ್ಲ, ಹಾಗೆ. ಕೊನೆಗೆ ಹುಬ್ಬಳ್ಳಿಯಲ್ಲಿ ತೋರಿಸಿದಾಗ ರಕ್ತ ಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರೂ ಪಾಸಿಟಿವ್, ಆಂಟಿ ಸಿಸಿಪಿಯೂ ಪಾಸಿಟಿವ್. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು, ಮೈಯ ರೋಗನಿರೋಧಕ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ಕಾಯಿಲೆಯಂತೆ. ಕಾಯಿಲೆ ಹತೋಟಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ, ಜೊತೆಗೆ ಫೋಲಿಕ್ ಆಸಿಡ್, ಹೈಡ್ರಾಕ್ಸಿಕ್ಲೋರೋಕ್ವಿನ್. ಔಷಧಿ ಸರಿಯಾಗಿ ಹಿಡಿಯಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ರೆಸ್ಟ್ ತಗೊಳ್ಳಿ ಅಂತ ಹೇಳಿ ಕಳಿಸಿದರು.

ಈಗ ಸಮಸ್ಯೆಗೆ ಬರುತ್ತೇನೆ. ನಮ್ಮದೊಂದು ಮಹಿಳಾ ಸಂಘ ಇದೆ. ಬೇಸಿಗೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡಿ ಮಾರುತ್ತೇವೆ. ಶಿರಸಿಯ ಅಂಗಡಿಗಳಿಗೆ ಹೋಗುತ್ತದೆ, ಬೆಂಗಳೂರಿಗೂ ಹೋಗುತ್ತದೆ. ಯಾರ ತೋಟದಲ್ಲಿ ಕಾಯಿ ಬಲಿತಿದೆ ಅಂತ ನೋಡುವುದು, ಉಪ್ಪು ಖಾರ ಹದ ಮಾಡುವುದು, ಲೆಕ್ಕ ಬರೆಯುವುದು, ಗಿರಾಕಿಗಳ ಫೋನು, ಎಲ್ಲಾ ನನ್ನದೇ. ಮಾಡಿದವರಿಗೆ ಗೊತ್ತು, ಬೇಯಿಸಿದ ತೊಳೆಯನ್ನು ಬಿಸಿ ಇರುವಾಗಲೇ ಕುಟ್ಟಬೇಕು, ಆರಿದರೆ ಹಿಟ್ಟು ಒಗ್ಗೂಡುವುದಿಲ್ಲ. ಒಬ್ಬರು ಒನಕೆ ಹಾಕುವಾಗ ಇನ್ನೊಬ್ಬರು ಒರಳಿಗೆ ಕೈ ಹಾಕಿ ಮಗುಚಬೇಕು. ಆ ಮಗುಚುವ ಕೈ ಇಷ್ಟು ವರ್ಷ ನನ್ನದಾಗಿತ್ತು. ಮಳೆ ಬೀಳುವ ಮೊದಲು ಎಲ್ಲಾ ಮುಗಿಯಬೇಕು, ಒಂದೂವರೆ ಎರಡು ತಿಂಗಳು ಅಷ್ಟೇ ಸಿಗುವುದು.

ಮನೆಯಲ್ಲಿ ಎಲ್ಲರೂ ಸಂಘ ಬಿಡು ಅನ್ನುತ್ತಾರೆ. ಬಿಟ್ಟರೆ ನನಗೆ ಏನು ಉಳಿಯುತ್ತದೆ ಅಂತ ಅವರಿಗೆ ಹೇಳಿದರೂ ತಿಳಿಯುವುದಿಲ್ಲ. ಬಿಡದಿದ್ದರೆ ಸಂಜೆ ಹೊತ್ತಿಗೆ ಗಿಣ್ಣುಗಳು ಕೆಂಪಗೆ ಊದಿರುತ್ತವೆ. ನಿಜ ಹೇಳಬೇಕೆಂದರೆ ಸುಮ್ಮನೆ ಕೂರುವುದು ನನಗೆ ಬರುವುದೇ ಇಲ್ಲ. ಕೂತರೆ ಯಾರೋ ಬೈಯುತ್ತಿದ್ದಾರೆ ಅನಿಸುತ್ತದೆ. ಇಂಥ ಕಾಯಿಲೆ ಇದ್ದವರು ಯಾರಾದರೂ ಇದ್ದರೆ ಹೇಳಿ, ನೀವು ಹೇಗೆ ಸಂಭಾಳಿಸುತ್ತೀರಿ?

ಅಡಿಕೆ ಮರ:
ಆರೋಗ್ಯ ಮೊದಲು ಅಕ್ಕ. ಸಂಘ ಇವತ್ತಲ್ಲ ನಾಳೆ ನಡೆಯುತ್ತದೆ, ಬೇರೆಯವರು ನೋಡಿಕೊಳ್ಳುತ್ತಾರೆ. ಈ ವರ್ಷ ಪೂರ್ತಿ ಬಿಟ್ಟುಬಿಡಿ. ಮನೆಯವರು ಹೇಳುವುದೂ ನಿಮ್ಮ ಒಳ್ಳೆಯದಕ್ಕೇ ಅಲ್ವಾ.

ಕೋಡುಬಳೆ:
ಹಪ್ಪಳ ಮೈಸೂರಿಗೆ ಕೊರಿಯರ್ ಮಾಡ್ತೀರಾ?

ಸಂಜೆಗಾಳಿ:
ಕೋಡುಬಳೆ ಅವರೇ, ಅವರು ಕೈ ನೋವು ಅಂತ ಅಳುತ್ತಿದ್ದಾರೆ, ನಿಮಗೆ ಹಪ್ಪಳದ ಚಿಂತೆ.

ಅಡಿಕೆ ಮರ ಅವರೇ, ನಿಮಗೊಂದು ಪ್ರಶ್ನೆ. ಸಂಘ ಬಿಡಿ ಅಂದಿರಿ, ಸರಿ. ಅಡುಗೆ ಬಿಡಿ ಅಂತ ಯಾಕೆ ಹೇಳಲಿಲ್ಲ? ದೋಸೆಗೆ ರುಬ್ಬುವುದು, ಬಟ್ಟೆ ಹಿಂಡುವುದು, ಕೊಟ್ಟಿಗೆ ಬಾಚುವುದು, ಇವೆಲ್ಲಾ ಕೈಯಿಂದ ಮಾಡುವ ಕೆಲಸ ಅಲ್ವಾ? ಹೆಂಗಸಿಗೆ ಕಾಯಿಲೆ ಬಂದ ಕೂಡಲೇ ಅವಳಿಗೆ ಖುಷಿ ಕೊಡುವ ಒಂದೇ ಒಂದು ಕೆಲಸ ಯಾವುದಿದೆಯೋ ಅದನ್ನು ಮೊದಲು ಬಿಡಿಸುತ್ತಾರೆ. ಉಳಿದ ಹತ್ತು ಕೆಲಸ ಹಾಗೇ ಇರುತ್ತದೆ. ಅದಕ್ಕೆ ರೆಸ್ಟ್ ಅಂತ ಹೆಸರು. ದಾಸವಾಳ ಅಕ್ಕ, ನಿಮ್ಮ ಮನೆಯಲ್ಲಿ ಹಾಲು ಕರೆಯುವುದು ಯಾರು?

ಕೆಂಪು ದಾಸವಾಳ:
ನಾನೇ. ಬೆಳಿಗ್ಗೆ, ಸಂಜೆ. ಬೆಳಿಗ್ಗೆ ಬಿಸಿನೀರಲ್ಲಿ ಕೈ ಅದ್ದಿಕೊಂಡು ಹೋಗುತ್ತೇನೆ. ಆದರೂ ಬೆರಳು ಮಡಚುವುದಿಲ್ಲ, ಹಸುವೂ ಕಿರಿಕಿರಿ ಮಾಡಿಕೊಂಡು ಒದೆಯಲು ನೋಡುತ್ತದೆ. ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ಹೌದು, ಹಾಲು ಕರೆಯುವುದನ್ನು ಬಿಡು ಅಂತ ಯಾರೂ ಹೇಳಿಲ್ಲ.

ಸಂಜೆಗಾಳಿ:
ನೋಡಿದಿರಾ.

ಅಡಿಕೆ ಮರ:
ನಾನು ಹಾಗೆ ಹೇಳಲಿಲ್ಲ. ಮನೆ ಕೆಲಸವನ್ನೂ ಕಡಿಮೆ ಮಾಡಿ ಅಂತಲೇ ನನ್ನ ಅಭಿಪ್ರಾಯ. ಆದರೆ ಹಸುವಿಗೆ ರಜೆ ಇಲ್ಲವಲ್ಲ. ಸಂಘಕ್ಕೆ ರಜೆ ಕೊಡಬಹುದು.

ಸಂಜೆಗಾಳಿ:
ಹಸುವಿಗೆ ರಜೆ ಇಲ್ಲ ನಿಜ. ಗಂಡನಿಗೆ ಕೈ ಇದೆಯಲ್ಲ?

ಅರಳಿಕಟ್ಟೆ:
ಇಂಗ್ಲಿಷ್ ಔಷಧಿ ಲಿವರ್ ಹಾಳು ಮಾಡುತ್ತದೆ ಅಮ್ಮ. ನಮ್ಮ ಪರಿಚಯದವರೊಬ್ಬರು ಪುಡಿ ಕೊಡುತ್ತಾರೆ. ಮೂರೇ ದಿನದಲ್ಲಿ ನೋವು ಮಾಯ. ಎಷ್ಟೋ ಜನ ಎದ್ದು ಓಡಾಡಿದ್ದಾರೆ. ಬೇಕಾದರೆ ನಂಬರ್ ಕೊಡುತ್ತೇನೆ.

ಮಿರ್ಚಿ ಭಜಿ:
ನಂಬರ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಸರ. ನಮ್ಮ ಚಿಕ್ಕಮ್ಮನಿಗೂ ಇದೇ ಕಾಯಿಲೆ. ಇಂಥದ್ದೇ ಒಂದು ಪುಡಿ ತಗೊಂಡರು. ಮೂರು ದಿನದಲ್ಲಿ ನೋವು ಹೋಯಿತು, ನಿಜ. ಮೂರು ತಿಂಗಳಲ್ಲಿ ಮುಖ ಬನ್ನಿನ ಹಾಗೆ ಊದಿತು, ಶುಗರ್ ಬಂತು, ಬಿಪಿ ಬಂತು. ಡಾಕ್ಟರು ನೋಡಿದ ತಕ್ಷಣ ಕೇಳಿದ್ದು ‘ಏನಾದರೂ ಪುಡಿ ತಿಂತೀರೇನು’ ಅಂತ. ಒಳಗೆ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಊತ ನೋವು ಬೇಗ ಇಳಿಸುವ ಜೋರು ಔಷಧಿ ಅದು. ಇನ್ನೊಂದು ಮಾತು, ಅಂಥ ಪುಡಿ ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸಲೂ ಬಾರದು, ಅದೂ ಅಪಾಯ. ಡಾಕ್ಟರ ಹತ್ತಿರ ಹೇಳಿ ನಿಧಾನಕ್ಕೆ ಇಳಿಸಬೇಕು.

ಅರಳಿಕಟ್ಟೆ:
ಎಲ್ಲರೂ ಹಾಗೆ ಬೆರೆಸುವುದಿಲ್ಲ.

ಮಿರ್ಚಿ ಭಜಿ:
ಯಾರು ಬೆರೆಸುತ್ತಾರೆ ಯಾರು ಬೆರೆಸುವುದಿಲ್ಲ ಅಂತ ಪೊಟ್ಟಣದ ಮೇಲೆ ಬರೆದಿರುತ್ತದಾ?

ನಿವೃತ್ತ ಮೇಷ್ಟ್ರು:
ಸ್ಟೀರಾಯ್ಡ್ ಕಥೆ ಬಂದಿದ್ದಕ್ಕೆ ಒಂದು ವಿಷಯ. ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಹೆಸರು ಮಾಡಿದ್ದೇ ಈ ಕಾಯಿಲೆಯವರಿಗೆ ಕೊಟ್ಟಾಗ. 1948ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ. ಫಿಲಿಪ್ ಹೆಂಚ್ ಅಂತ ಡಾಕ್ಟರು. ಸರಿಯಾಗಿ ನಡೆಯಲೂ ಆಗದ ಹೆಂಗಸು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. ಜಗತ್ತೇ ಬೆರಗಾಯಿತು. 1950ರಲ್ಲಿ ಹೆಂಚ್‌ಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಆಮೇಲೆ ನೋಡಿದರೆ ಜಾಸ್ತಿ ದಿನ ಕೊಟ್ಟವರಿಗೆ ಮುಖ ಊದುವುದು, ಮೂಳೆ ಟೊಳ್ಳಾಗುವುದು, ಒಂದೊಂದೇ ಶುರುವಾಯಿತು. ಪುಡಿಯ ‘ಮೂರು ದಿನದ ಪವಾಡ’ ಅಂದರೆ ಅದೇ 1948ರ ಪವಾಡ, ಹೆಸರು ಹೇಳದೆ ಮಾರುತ್ತಾರೆ ಅಷ್ಟೇ. ಸ್ಟೀರಾಯ್ಡೇ ವಿಷ ಅಂತ ನಾನು ಹೇಳುತ್ತಿಲ್ಲ. ಉಳಿದ ಔಷಧಿ ಹಿಡಿಯುವವರೆಗೆ ಸ್ವಲ್ಪ ದಿನ, ಸಣ್ಣ ಡೋಸಿನಲ್ಲಿ ಡಾಕ್ಟರೇ ಕೊಡುವುದುಂಟು. ಲೆಕ್ಕ ಅವರ ಕೈಯಲ್ಲಿರಬೇಕು.

ಕುಡ್ಲದ ಫಿಸಿಯೋ:
ನಾನು ಫಿಸಿಯೋಥೆರಪಿ ಮಾಡುವವಳು, ಈ ಕಾಯಿಲೆಯವರನ್ನು ದಿನಾ ನೋಡುತ್ತೇನೆ. ರೆಸ್ಟ್ ಅಂದರೆ ಏನು ಅಂತ ಡಾಕ್ಟರಿಗೆ ಬಿಡಿಸಿ ಹೇಳಲು ಹೊತ್ತಿರುವುದಿಲ್ಲ, ಹೊರಗೆ ಮೂವತ್ತು ಜನ ಕಾದಿರುತ್ತಾರೆ. ಹಾಗಾಗಿ ನಾನು ಹೇಳುತ್ತೇನೆ.

ಹಿಂದಿನ ಕಾಲದಲ್ಲಿ ಈ ಕಾಯಿಲೆಗೆ ವಾರಗಟ್ಟಲೆ ಹಾಸಿಗೆ ಮೇಲೆ ಮಲಗಿಸುತ್ತಿದ್ದರು. ಈಗ ಯಾರೂ ಹಾಗೆ ಮಾಡುವುದಿಲ್ಲ. ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಗಂಟು ಇನ್ನೂ ಬಿಗಿಯಾಗುತ್ತದೆ. ಗಂಟು ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದೆ ಅಂದರೆ ಆ ಗಂಟಿಗೆ ರೆಸ್ಟ್. ಆಗಲೂ ದಿನಕ್ಕೆ ಒಂದೆರಡು ಸಲ ನೋವಾಗದಷ್ಟು ಮೆಲ್ಲಗೆ ಪೂರ್ತಿ ಮಡಚಿ ಬಿಡಿಸಬೇಕು. ಊತ ಇಳಿದ ಮೇಲೆ ಕೆಲಸ ಮಾಡಬಹುದು, ನಡೆಯಬೇಕು, ವ್ಯಾಯಾಮವೂ ಬೇಕು. ಒಂದು ಕೆಲಸ ಮಾಡಿದ ನೋವು ಎರಡು ಗಂಟೆ ಕಳೆದರೂ ಇಳಿಯಲಿಲ್ಲ ಅಂದರೆ ಅವತ್ತು ಜಾಸ್ತಿ ಆಯಿತು ಅಂತ ಲೆಕ್ಕ. ಮಾರನೆ ದಿನ ಅದನ್ನು ಕಡಿಮೆ ಮಾಡಿ.

ಮುಖ್ಯವಾದದ್ದು, ಸುಸ್ತಾದ ಮೇಲೆ ಕೂರುವುದಲ್ಲ. ಸುಸ್ತಾಗುವ ಮೊದಲೇ ಕೂರಬೇಕು. ಇದು ನಮ್ಮ ಹೆಂಗಸರಿಗೆ ಬಹಳ ಕಷ್ಟ. ‘ಇದೊಂದು ಮುಗಿಸಿ ಕೂರುತ್ತೇನೆ’ ಅನ್ನುತ್ತಾರೆ, ಆ ಒಂದು ಮುಗಿಯುವುದೇ ಇಲ್ಲ. ಇನ್ನು ಬೆರಳಿನ ಕೆಲಸವನ್ನು ದೊಡ್ಡ ಗಂಟಿಗೆ ದಾಟಿಸಿ. ಕೊಡವನ್ನು ಬೆರಳಲ್ಲಿ ಎತ್ತಬೇಡಿ, ಎರಡೂ ಕೈಯಲ್ಲಿ ತಬ್ಬಿ ಎತ್ತಿ. ಬಟ್ಟೆ ಹಿಂಡಬೇಡಿ, ಹಾಗೇ ನೇತುಹಾಕಿ, ನೀರು ತಾನೇ ಇಳಿಯುತ್ತದೆ. ಚಮಚ, ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್, ಅಂದರೆ ಅಲುಗಾಡದಂತೆ ಹಿಡಿಯುವ ಪಟ್ಟಿ ಹಾಕಿಕೊಳ್ಳಬಹುದು, ಅಳತೆ ನೋಡಿಯೇ ತಗೊಳ್ಳಿ.

ಬಿಸಿ ಒರಳಿಗೆ ಕೈ ಹಾಕುವುದು, ಹಾಲು ಕರೆಯುವುದು, ಇವೆರಡೂ ನಿಮಗೆ ಈಗ ಬೇಡವೇ ಬೇಡ. ಲೆಕ್ಕ, ಫೋನು, ಹದ ನೋಡುವುದು ಮಾಡಿ. ಸಂಘ ಬಿಡಬೇಡಿ. ನನ್ನ ಹತ್ತಿರ ಬರುವವರಲ್ಲಿ ಎಲ್ಲವನ್ನೂ ಬಿಟ್ಟು ಮನೆಯಲ್ಲಿ ಕೂತವರಿಗಿಂತ ನಾಲ್ಕು ಜನರ ಜೊತೆ ಇರುವವರು ವ್ಯಾಯಾಮವನ್ನೂ ಬಿಡದೆ ಮಾಡುತ್ತಾರೆ.

ಅಡಿಕೆ ಮರ:
ಹೋಗಲಿ, ಫಿಸಿಯೋ ಮೇಡಂ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಹಾಲು ಕರೆಯುವ ಮಷೀನ್ ಬರುತ್ತದೆ, ಒಂದೆರಡು ಹಸುವಿಗೂ ಆಗುವಂಥದ್ದು.

ಬೆಂಗ್ಳೂರು ಬಿಸಿಲು:
ನನಗೂ ಇದೇ ಕಾಯಿಲೆ, ಮೆಥೊಟ್ರೆಕ್ಸೇಟ್ ತಗೊಳ್ಳುತ್ತಿದ್ದೇನೆ. ಸಾಫ್ಟ್‌ವೇರ್ ಕೆಲಸ, ಹಾಗಾಗಿ ನಿಮ್ಮಷ್ಟು ಕಷ್ಟ ಇಲ್ಲ. ಆದರೆ ಒಂದು ಅನುಭವ ಹೇಳುತ್ತೇನೆ. ನಾನು ನಮ್ಮ ಬಡಾವಣೆಯ ನಾಟಕದ ತಂಡದಲ್ಲಿದ್ದೆ. ಕಾಯಿಲೆ ಅಂತ ಗೊತ್ತಾದ ಮೇಲೆ ಎಲ್ಲರೂ ಹೇಳಿದ್ದಕ್ಕೆ ತಂಡ ಬಿಟ್ಟು ಕೆಲಸ, ಮನೆ ಅಷ್ಟೇ ಇಟ್ಟುಕೊಂಡೆ. ಕಾಯಿಲೆಯೇನೂ ಅದರಿಂದ ಕಡಿಮೆ ಆಗಲಿಲ್ಲ. ಕಡಿಮೆ ಆದದ್ದು ಬರುತ್ತಿದ್ದ ಫೋನುಗಳು. ಈಗ ಮತ್ತೆ ಹೋಗುತ್ತಿದ್ದೇನೆ, ಸೆಟ್ ಎತ್ತುವುದಿಲ್ಲ, ಪ್ರಾಂಪ್ಟಿಂಗ್ ಮಾಡುತ್ತೇನೆ, ಕುರ್ಚಿ ಮೇಲೆ ಕೂತು.

ಇನ್ನೊಂದು, ಸುಸ್ತಿನ ಬಗ್ಗೆ ಯಾರೂ ಹೇಳುವುದಿಲ್ಲ. ಇದು ನಿದ್ದೆಗೆಟ್ಟ ಸುಸ್ತಲ್ಲ, ಎಂಟು ಗಂಟೆ ಮಲಗಿ ಎದ್ದರೂ ಇರುತ್ತದೆ. ಕಾಯಿಲೆಯದೇ ಒಂದು ಭಾಗ ಅದು. ನೋಡುವವರಿಗೆ ಕಾಣುವುದಿಲ್ಲ. ‘ಚೆನ್ನಾಗೇ ಇದ್ದೀರಲ್ಲ’ ಅನ್ನುತ್ತಾರೆ. ಹಾಗೆ ಅಂದವರಿಗೆ ವಿವರಿಸಲು ಹೋಗಬೇಡಿ, ಅದಕ್ಕೂ ಶಕ್ತಿ ಬೇಕು.

ಮತ್ತೆ ಗುಳಿಗೆ ತಗೊಂಡ ಮಾರನೆ ದಿನ ನನಗೆ ತಲೆ ಭಾರ, ವಾಕರಿಕೆ. ಬಹಳ ಜನಕ್ಕೆ ಹಾಗಾಗುತ್ತದೆ. ಡಾಕ್ಟರನ್ನು ಕೇಳಿ ವಾರದಲ್ಲಿ ಗುಳಿಗೆ ತಗೊಳ್ಳುವ ದಿನ ಬದಲಿಸಿಕೊಂಡೆ, ಮಾರನೆ ದಿನ ರಜೆ ಬರುವ ಹಾಗೆ. ನೀವೂ ಒರಳು ಹೂಡದ ದಿನ ನೋಡಿ ಇಟ್ಟುಕೊಳ್ಳಬಹುದು.

ಮಿರ್ಚಿ ಭಜಿ:
ಇದಕ್ಕೆ ಒಂದು ಸೇರಿಸುತ್ತೇನೆ, ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ತಗೊಂಡು ಜೀವಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಮನೆಯಲ್ಲಿ ಗುಳಿಗೆ ತೆಗೆದುಕೊಡುವವರಿಗೂ ಹೇಳಿಡಿ. ರಕ್ತ ಪರೀಕ್ಷೆ ತಪ್ಪಿಸಬೇಡಿ, ಲಿವರ್ ಹೇಗಿದೆ ಅಂತ ಗೊತ್ತಾಗುವುದು ಅದರಿಂದಲೇ. ಬಸುರಿಯರು, ಮಕ್ಕಳಿಗಾಗಿ ನೋಡುತ್ತಿರುವವರು ಇದನ್ನು ತಗೊಳ್ಳುವಂತಿಲ್ಲ, ಇಲ್ಲಿ ಓದುವ ಚಿಕ್ಕ ವಯಸ್ಸಿನವರಿಗೆ ಈ ಮಾತು.

ನಿವೃತ್ತ ಮೇಷ್ಟ್ರು:
ತಂಗಿ, ನಿಮಗೆ ಧೈರ್ಯ ಬರಲಿ ಅಂತ ಒಂದು ಉದಾಹರಣೆ ಕೊಡುತ್ತೇನೆ. ಫ್ರಾನ್ಸಿನ ದೊಡ್ಡ ಚಿತ್ರಕಾರ ರೆನ್ವಾಗೂ ಇದೇ ಕಾಯಿಲೆ ಇತ್ತು. ಐವತ್ತರ ವಯಸ್ಸಿನ ಆಸುಪಾಸಿನಲ್ಲಿ ಶುರುವಾಯಿತು. ಬೆರಳು ಪೂರ್ತಿ ಸೊಟ್ಟಗಾಯಿತು, ಕೊನೆಗೆ ಗಾಲಿಕುರ್ಚಿ. ಆದರೂ 1919ರಲ್ಲಿ ಸಾಯುವವರೆಗೂ ಚಿತ್ರ ಬಿಡಿಸಿದರು, ಬ್ರಷ್ಷನ್ನು ಕೈಗೆ ಕಟ್ಟಿಕೊಂಡು! ಮನಸ್ಸಿದ್ದರೆ ಮಾರ್ಗ.

ಬೆಂಗ್ಳೂರು ಬಿಸಿಲು:
ಮೇಷ್ಟ್ರೇ, ಸಣ್ಣ ತಿದ್ದುಪಡಿ. ಬ್ರಷ್ ಕಟ್ಟುತ್ತಿರಲಿಲ್ಲ. ಕೈಗೆ ಸುತ್ತಿದ್ದ ಬಟ್ಟೆ ಚರ್ಮ ಗಾಯ ಆಗದಿರಲಿ ಅಂತ. ಬ್ರಷ್ಷನ್ನು ಪಕ್ಕದಲ್ಲಿದ್ದವರು ಬೆರಳ ಸಂದಿಗೆ ಇಡುತ್ತಿದ್ದರು.

ನಿವೃತ್ತ ಮೇಷ್ಟ್ರು:
ಹೌದೇನು. ಒಳ್ಳೆಯದಾಯಿತು, ಎಷ್ಟೋ ವರ್ಷ ಮಕ್ಕಳಿಗೆ ಹಾಗೇ ಹೇಳಿದ್ದೆ.

ಸಂಜೆಗಾಳಿ:
‘ಪಕ್ಕದಲ್ಲಿದ್ದವರು ಇಡುತ್ತಿದ್ದರು’. ಇದು ಮುಖ್ಯ. ಬಣ್ಣ ಕಲಸಿಕೊಡುವವರು, ಕುರ್ಚಿ ತಳ್ಳುವವರು, ಊಟ ತಂದಿಡುವವರು, ಎಲ್ಲಾ ಇದ್ದರು. ರೆನ್ವಾಗೆ ಸಂಜೆ ಹಾಲು ಕರೆಯುವ ಕೆಲಸ ಇರಲಿಲ್ಲ. ಅವರ ಛಲ ದೊಡ್ಡದು, ಒಪ್ಪುತ್ತೇನೆ. ಆದರೆ ಇಂಥ ಕಥೆ ಹೇಳಿ ‘ನೀನೂ ಬಿಡಬೇಡ’ ಅಂದರೆ ಕೊನೆಗೆ ಸೊಂಟ ಮುರಿಯುವುದು ಹೆಂಗಸರದ್ದೇ.

ಹೊಲಿಗೆ ಯಂತ್ರ:
ಎಲ್ಲಾ ಓದಿದೆ. ಒಂದು ಮಾತು ಯಾರೂ ಹೇಳಿಲ್ಲ. ದುಡ್ಡು. ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುತ್ತೇನೆ. ಕಾಯಿಲೆ ಬಂದರೆ ಇಎಸ್ಐ ಅಂತ ಕಾರ್ಮಿಕರ ವಿಮೆ ಇದೆ, ಡಾಕ್ಟರು ಬರೆದುಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಸಿಗುತ್ತದೆ. ಅದು ಬರಲು ಅಲೆಯಬೇಕು, ಆದರೆ ಇದೆ. ಅದಿದ್ದೂ ನಾವು ರಜೆ ಹಾಕಲು ಹೆದರುತ್ತೇವೆ. ಲೈನಲ್ಲಿ ನಮ್ಮ ಮಷೀನಿಗೆ ಬೇರೆಯವರನ್ನು ಕೂರಿಸಿಬಿಡುತ್ತಾರೆ. ಅಕ್ಕನ ಸಂಘದಲ್ಲಿ ಇಎಸ್ಐ ಇದೆಯಾ? ಕೈ ಆಡಿದರೆ ಕಾಸು, ಇಲ್ಲದಿದ್ದರೆ ಇಲ್ಲ ಅಲ್ವಾ? ಹಾಗಿದ್ದ ಮೇಲೆ ರೆಸ್ಟ್ ತಗೊಳ್ಳಿ ಅಂತ ಹೇಳುವುದು ಸುಲಭ.

ಕೆಂಪು ದಾಸವಾಳ:
ತಂಗಿ, ಸರಿಯಾಗಿ ಹೇಳಿದೆ. ನಮ್ಮಲ್ಲಿ ಒತ್ತಿದ ಹಪ್ಪಳದ ಲೆಕ್ಕದಲ್ಲೇ ಹಂಚಿಕೊಳ್ಳುವುದು. ನಾನು ಲೆಕ್ಕ ಬರೆದದ್ದಕ್ಕೆ, ಫೋನು ಮಾಡಿದ್ದಕ್ಕೆ ದುಡ್ಡಿಲ್ಲ. ಅದು ಕೆಲಸ ಅಂತ ಯಾರೂ ಅಂದುಕೊಂಡಿಲ್ಲ, ನಾನೂ ಸೇರಿ. ಹುಬ್ಬಳ್ಳಿಗೆ ಹೋಗಲು ಶಕ್ತಿ ಯೋಜನೆ ಬಸ್ಸಿದೆ, ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ರಕ್ತ ಪರೀಕ್ಷೆ, ಗುಳಿಗೆ ಎಲ್ಲಾ ಕೈಯಿಂದಲೇ. ಹಪ್ಪಳದ ದುಡ್ಡಲ್ಲಿ ಗುಳಿಗೆ ತಗೊಂಡು, ಗುಳಿಗೆ ತಗೊಂಡಿದ್ದಕ್ಕೆ ಹಪ್ಪಳ ಒತ್ತಲಾಗದೆ ಕೂರುವುದು, ನಗು ಬರುತ್ತದೆ.

ಸಂಘದ ಲೆಕ್ಕ:
ದಾಸವಾಳ ಅವರೇ, ನಾನು ಬಹಳ ವರ್ಷದಿಂದ ಮಹಿಳಾ ಸಂಘಗಳ ಜೊತೆ ಓಡಾಡಿದವಳು, 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಾಯಿಲೆ ಏನು ಅಂತ ಸಂಘದಲ್ಲಿ ಹೇಳಿದ್ದೀರಾ?

ಕೆಂಪು ದಾಸವಾಳ:
ಕೈನೋವು ಅಂತ ಹೇಳಿದ್ದೇನೆ.

ಸಂಘದ ಲೆಕ್ಕ:
ಅಂದರೆ ಹೇಳಿಲ್ಲ.

ಕೆಂಪು ದಾಸವಾಳ:
ಮಗಳಿಗೆ ಗಂಡು ನೋಡುತ್ತಿದ್ದೇವೆ. ತಾಯಿಗೆ ಕೈ ಸೊಟ್ಟಗಾಗುವ ಕಾಯಿಲೆ ಅಂತ ಊರಲ್ಲಿ ಹಬ್ಬಿದರೆ ‘ಮಗಳಿಗೂ ಬರುತ್ತದೆ’ ಅನ್ನುವವರು ಇರುತ್ತಾರೆ. ಅತ್ತೆಯವರೂ ಅದಕ್ಕೇ ಯಾರಿಗೂ ಹೇಳಬೇಡ ಅಂದಿದ್ದಾರೆ.

ಕುಡ್ಲದ ಫಿಸಿಯೋ:
ಇದು ಅಂಟುವ ಕಾಯಿಲೆ ಅಲ್ಲ. ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ನಿಜ, ಆದರೆ ಈ ಕಾಯಿಲೆ ಇರುವವರ ಮಕ್ಕಳಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ಈಗ ಔಷಧಿ ಬೇಗ ಶುರು ಮಾಡಿದರೆ ಬೆರಳು ಸೊಟ್ಟಗಾಗದಂತೆ ಬಹಳ ಮಟ್ಟಿಗೆ ತಡೆಯಬಹುದು. ಹಳೆ ಕಾಲದ ಕೈಗಳನ್ನು ನೋಡಿದವರು ಹೆದರುತ್ತಾರೆ.

ಅಡಿಕೆ ಮರ:
ಮೇಡಂ, ಇದೆಲ್ಲಾ ಗಂಡಿನ ಕಡೆಯವರಿಗೆ ಯಾರು ಹೇಳುತ್ತಾರೆ? ಊರಿನ ಬಾಯಿ ನಿಮಗೆ ಗೊತ್ತಿಲ್ಲ. ಈ ವಿಷಯದಲ್ಲಿ ಅತ್ತೆಯವರ ಹೆದರಿಕೆ ಸುಳ್ಳಲ್ಲ.

ಬೆಂಗ್ಳೂರು ಬಿಸಿಲು:
ಮುಚ್ಚಿಟ್ಟು ಮದುವೆ ಮಾಡಿ ಆಮೇಲೆ ಗೊತ್ತಾದರೆ? ಅದು ಇನ್ನೂ ಕಷ್ಟ ಅಲ್ವಾ. ಮಗಳನ್ನೇ ಕೇಳಿ, ಅವಳ ಅಭಿಪ್ರಾಯ ಏನು ಅಂತ.

ಸಂಘದ ಲೆಕ್ಕ:
ಮದುವೆಯ ವಿಷಯ ನಿಮ್ಮ ಮನೆಗೆ ಬಿಟ್ಟದ್ದು. ಸಂಘದ ವಿಷಯ ಹೇಳುತ್ತೇನೆ. ಒಬ್ಬರ ತಲೆ ಮೇಲೇ ಎಲ್ಲಾ ಇದೆ ಅಂದರೆ ಅದು ಸಂಘ ಅಲ್ಲ, ನಿಮ್ಮ ಅಂಗಡಿ. ಕಟುವಾಗಿ ಕೇಳಿಸಬಹುದು. ಪ್ರತಿನಿಧಿಗಳು ಬದಲಾಗುತ್ತಾ ಇರಬೇಕು ಅಂತ ನಿಯಮ ಮಾಡುವುದು ಇದಕ್ಕೇ. ನಮ್ಮ ಕಡೆ ಒಬ್ಬರು ಬಾಣಂತನಕ್ಕೆ ಹೋದರು, ಬ್ಯಾಂಕಿನಲ್ಲಿ ಸಹಿ ಹಾಕುವವರೇ ಇಲ್ಲ ಅಂತ ಮೂರು ತಿಂಗಳು ಸದಸ್ಯರಿಗೆ ಕೊಡುವ ಒಳಸಾಲ ನಿಂತುಹೋಗಿತ್ತು. ಹದ ನೋಡುವುದನ್ನು ಇಬ್ಬರಿಗೆ ಕಲಿಸಿ. ಗಿರಾಕಿಗಳ ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ, ನಿಮ್ಮ ಫೋನಿನೊಳಗೆ ಮಾತ್ರ ಇರುವುದು ಬೇಡ. ಲೆಕ್ಕ ಬರೆಯುವುದಕ್ಕೂ ಒಂದು ಪಾಲು ಇಡಿ. ಅದನ್ನು ಕೇಳಲು ನಾಚಿಕೆ ಬೇಡ.

ಅರಳಿಕಟ್ಟೆ:
ಅಷ್ಟೆಲ್ಲಾ ಬೇಡ, ಒಂದು ಹಪ್ಪಳದ ಮಷೀನ್ ತಗೊಳ್ಳಿ.

ಕೋಡುಬಳೆ:
ಮಷೀನ್ ಹಪ್ಪಳಕ್ಕೆ ಆ ರುಚಿ ಇಲ್ಲ. ಹಲ್ಲಿಗೆ ಗಟ್ಟಿ.

ಅರಳಿಕಟ್ಟೆ:
ರುಚಿ ಹಿಟ್ಟಿನಲ್ಲಿರುತ್ತದೆ ಸ್ವಾಮಿ, ಒತ್ತುವುದರಲ್ಲಿ ಏನಿದೆ.

ಕೋಡುಬಳೆ:
ನೀವು ಹಪ್ಪಳ ತಿಂದಿದ್ದೀರಾ ಅಥವಾ ಬರೀ ಪುಡಿಯಾ?

ಕುಡ್ಲದ ಫಿಸಿಯೋ:
ಕಾದಾಟದ ಮಧ್ಯೆ ಅರಳಿಕಟ್ಟೆ ಅವರ ಮಾತು ಸರಿ ಇದೆ. ಹಿಡಿ ಎಳೆದು ಒತ್ತುವ ಕೈಮಷೀನಿನಲ್ಲಿ ಬಲ ಭುಜದಿಂದ ಬರುತ್ತದೆ, ಬೆರಳಿಗೆ ಕೆಲಸ ಕಡಿಮೆ.

ಕೆಂಪು ದಾಸವಾಳ:
ಹದಿನೈದು ದಿನ ಈ ಕಡೆ ಬರಲು ಆಗಲಿಲ್ಲ. ಏನಾಯಿತು ಅಂತ ಹೇಳುತ್ತೇನೆ.

ಮೊದಲು ಮಗಳಿಗೆ ಹೇಳಿದೆ. ‘ಅಷ್ಟಕ್ಕೇ ಬೇಡ ಅನ್ನುವ ಹುಡುಗ ನನಗೂ ಬೇಡ’ ಅಂದಳು. ಅತ್ತೆಯವರು ಎರಡು ದಿನ ಮಾತಾಡಲಿಲ್ಲ. ಆಮೇಲೆ ಸಂಘದ ಸಭೆಯಲ್ಲಿ ಹೇಳಿದೆ. ನಾನು ಅಂದುಕೊಂಡ ಹಾಗೆ ಅಯ್ಯೋ ಪಾಪ ಅಂತ ಯಾರೂ ಅನ್ನಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರಿದ್ದಾರೆ, ಅವರು ಅಂದದ್ದು ‘ಅದಕ್ಕೇ ಏನೇ ನಿನ್ನ ಹಪ್ಪಳ ಒಂದು ಕಡೆ ದಪ್ಪ ಬರುತ್ತಿದ್ದುದು, ನಾವು ಸೊಕ್ಕು ಅಂದುಕೊಂಡಿದ್ದೆವು’ ಅಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಬ್ಬಳು ಅವಳ ತಂಗಿಗೂ ಇದೇ ಕಾಯಿಲೆ ಅಂತ ಹೇಳಿದಳು. ಇಷ್ಟು ದಿನ ಅವಳೂ ಮುಚ್ಚಿಟ್ಟಿದ್ದಳು.

ಈಗ ಒರಳಿನ ಹತ್ತಿರ ನನ್ನನ್ನು ಬಿಡುವುದಿಲ್ಲ. ಗೋಡೆ ಬದಿ ಕುರ್ಚಿ ಹಾಕಿಕೊಟ್ಟಿದ್ದಾರೆ. ಮೊದಲ ದಿನದ ಹಿಟ್ಟಿಗೆ ಉಪ್ಪು ಜಾಸ್ತಿ ಆಯಿತು. ಕೂತಲ್ಲಿಂದ ನೋಡುತ್ತಿದ್ದೆ, ಎದ್ದು ಹೋಗಿ ಪಾತ್ರೆ ಕಿತ್ತುಕೊಳ್ಳಬೇಕು ಅನಿಸಿತು. ಗಿಣ್ಣು ನೋವಿಗಿಂತ ಅದು ಕಷ್ಟ. ಆ ದಿನದ ಹಪ್ಪಳವನ್ನು ಮಾರಲಿಲ್ಲ, ಹಂಚಿಕೊಂಡು ಮನೆಗೆ ಒಯ್ದರು. ಮಾರನೆ ದಿನ ಹದ ಸರಿ ಬಂತು. ಹಾಲು ಕರೆಯುವುದು ಸದ್ಯ ಬೆಳಿಗ್ಗೆ ಗಂಡ, ಸಂಜೆ ಇನ್ನೂ ನಾನೇ. ಅರ್ಧ ಗೆದ್ದ ಹಾಗೆ.

ಸಂಜೆಗಾಳಿ:
ಸಂಜೆಯದ್ದೂ ಬಿಡಿಸಿ ಅಕ್ಕ.

ಬೆಂಗ್ಳೂರು ಬಿಸಿಲು:
ಖುಷಿಯಾಯಿತು. ಆದರೆ ಕುರ್ಚಿ ಮೇಲೆ ಕೂತು ಇಡೀ ದಿನ ಹದ ಕಾಯುವುದು ರೆಸ್ಟ್ ಅಲ್ಲ ಮೇಡಂ, ಅದು ಸೂಪರ್‌ವೈಸರ್ ಕೆಲಸ. ಮಧ್ಯಾಹ್ನ ಊಟ ಆದ ಮೇಲೆ ಮನೆಗೆ ಹೋಗಿ ಮಲಗುತ್ತೀರಾ ಇಲ್ಲವಾ?

ಕೆಂಪು ದಾಸವಾಳ:
ಇಲ್ಲ. ಮಲಗಿದರೆ ಹೊಟ್ಟೆಯಲ್ಲಿ ತಳಮಳ. ಅಲ್ಲಿ ಏನು ಮಾಡುತ್ತಿದ್ದಾರೋ ಅಂತ.

ನಿವೃತ್ತ ಮೇಷ್ಟ್ರು:
ಏನೂ ಮಾಡುತ್ತಿರುವುದಿಲ್ಲ, ನಿಮ್ಮ ಬಗ್ಗೆ ಮಾತಾಡುತ್ತಿರುತ್ತಾರೆ. ಮಲಗಿ.

ಮಿರ್ಚಿ ಭಜಿ:
ಕಣ್ಣಿನ ಪರೀಕ್ಷೆ ಮರೆಯಬೇಡಿ ಅಕ್ಕ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಹಳ ವರ್ಷ ತಗೊಂಡರೆ ಕಣ್ಣಿನ ಒಳಪದರಕ್ಕೆ ತೊಂದರೆ ಆಗಬಹುದು. ಶುರುವಿನಲ್ಲೇ ಒಂದು ಸಲ ನೋಡಿಸಿ, ಆಮೇಲೆ ಯಾವಾಗ ಬರಬೇಕು ಅಂತ ಅವರೇ ಹೇಳುತ್ತಾರೆ.

ಹೊಲಿಗೆ ಯಂತ್ರ:
ದುಡ್ಡಿನ ವಿಷಯ ಏನಾಯಿತು? ಒರಳಿನ ಹತ್ತಿರ ಹೋಗದಿದ್ದರೆ ನಿಮ್ಮ ಪಾಲು?

ಕೆಂಪು ದಾಸವಾಳ:
ಅದಕ್ಕೇ ಜಗಳ ನಡೆಯುತ್ತಿದೆ. ಲೆಕ್ಕ ಬರೆಯುವುದಕ್ಕೆ ಒಂದು ಪಾಲು ಅಂತ ಒಪ್ಪಿದ್ದಾರೆ. ಕಾಯಿಲೆ ಬಂದವರಿಗೆ ಕೂತರೂ ಸ್ವಲ್ಪ ಕೊಡಬೇಕು, ಅದಕ್ಕೆ ಲಾಭದಲ್ಲಿ ಒಂದಿಷ್ಟು ತೆಗೆದಿಡೋಣ ಅಂತ ಹಿರಿಯರು ಹೇಳಿದರು. ಇಬ್ಬರು ಒಪ್ಪುತ್ತಿಲ್ಲ. ‘ಇವತ್ತು ಕೈ, ನಾಳೆ ತಲೆನೋವು, ನಾಡಿದ್ದು ನೆಗಡಿ, ಎಲ್ಲರೂ ಕೂತರೆ ಕುಟ್ಟುವವರು ಯಾರು’ ಅನ್ನುತ್ತಾರೆ. ಅವರು ಕೇಳುವುದರಲ್ಲೂ ನ್ಯಾಯ ಇದೆ. ಅವರ ಮನೆಯಲ್ಲೂ ಕಷ್ಟ ಇದೆ.

ಸಂಘದ ಲೆಕ್ಕ:
ಹಾಗಾದರೆ ಬಾಯಿಮಾತಿನಲ್ಲಿ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹೀಗೆ ಬರೆಯಬಹುದು: ‘ಸದಸ್ಯರಿಗೆ ಕಾಯಿಲೆಯಾಗಿ, ಕೈಕೆಲಸ ಮಾಡಬಾರದೆಂದು ಡಾಕ್ಟರು ಚೀಟಿ ಕೊಟ್ಟಲ್ಲಿ, ಸೀಸನ್ನಿನಲ್ಲಿ ಒಂದು ತಿಂಗಳವರೆಗೆ ಅರ್ಧ ಪಾಲು ಕೊಡುವುದು. ಆ ಸದಸ್ಯರು ಕೂತು ಮಾಡುವ ಕೆಲಸ ಏನಾದರೂ ಇದ್ದರೆ ಮಾಡಬಹುದು, ಒತ್ತಾಯ ಇಲ್ಲ.’ ಕೊನೆಯ ಎರಡು ಪದ ಬಿಡಬೇಡಿ. ನಿಮ್ಮಂಥವರಿಗಾಗಿಯೇ ಅದು. ಚೀಟಿ ಅಂತ ಇಟ್ಟರೆ ನೆಗಡಿ, ತಲೆನೋವಿನ ಜಗಳವೂ ನಿಲ್ಲುತ್ತದೆ.

ಹೊಲಿಗೆ ಯಂತ್ರ:
ಚೆನ್ನಾಗಿದೆ. ಅದರಲ್ಲೇ ಹೆರಿಗೆಯನ್ನೂ ಸೇರಿಸಿ. ಆ ಇಬ್ಬರಲ್ಲಿ ಯಾರಾದರೂ ಸಣ್ಣ ವಯಸ್ಸಿನವರಿದ್ದರೆ ಆಗ ಒಪ್ಪುತ್ತಾರೆ.

ಸಂಘದ ಲೆಕ್ಕ:
ಒಳ್ಳೆ ಉಪಾಯ. ಆದರೆ ಹೆರಿಗೆ ಕಾಯಿಲೆ ಅಲ್ಲ, ಅದಕ್ಕೆ ಬೇರೆ ಸಾಲು ಬರೆಯಿರಿ. ಮತ್ತೆ ಅಲ್ಲಿ ಒಂದು ತಿಂಗಳು ಅಲ್ಲ, ಮೂರು.

ಕೆಂಪು ದಾಸವಾಳ:
ನಮ್ಮ ಸೀಸನ್ನೇ ಎರಡು ತಿಂಗಳು ಮೇಡಂ!

ಸಂಘದ ಲೆಕ್ಕ:
ಹಾಗಾದರೆ ಪೂರ್ತಿ ಸೀಸನ್ ಅಂತ ಬರೆಯಿರಿ. ಸಭೆ ಯಾವತ್ತು?